ಆಪರೇಷನ್‌ಗೆ ಮೊದಲು ಸ್ಲೀಪ್ ಸ್ಟಡಿ ಬೇಕಾ?

ತೂಕ ಇಳಿಸುವ ಆಪರೇಷನ್‌ಗೆ ಮೊದಲು ಅಣ್ಣನಿಗೆ ಸ್ಲೀಪ್ ಸ್ಟಡಿ (ನಿದ್ದೆಯಲ್ಲಿ ಉಸಿರಾಟ ಹೇಗಿದೆ ಅಂತ ನೋಡುವ ಟೆಸ್ಟ್) ಬರೆದುಕೊಟ್ಟಿದ್ದಾರೆ, ಇದು ಸುಮ್ನೆ ದುಡ್ಡು ಕೀಳೋಕಾ ಅಂತ ಕೇಳಿದ್ದೀರಿ. ಅಲ್ಲ ಸರ್, ಮಾಡಿಸಿ. ತುಂಬಾ ದಪ್ಪ ಇರುವವರಿಗೆ ಮಲಗಿದಾಗ ಗಂಟಲು ಮುಚ್ಚಿಕೊಂಡು ಉಸಿರು ನಿಂತು ನಿಂತು ಬರುವುದು ಜಾಸ್ತಿ. ಅರಿವಳಿಕೆ ಗಂಟಲನ್ನು ಇನ್ನಷ್ಟು ಸಡಿಲ ಮಾಡುತ್ತದೆ, ಮಾರ್ಫಿನ್ ತರಹದ ನೋವಿನ ಮದ್ದು ಉಸಿರನ್ನೇ ನಿಧಾನ ಮಾಡುತ್ತದೆ. ಮೊದಲೇ ಗೊತ್ತಿದ್ದರೆ ಅರಿವಳಿಕೆ ಡಾಕ್ಟರ್ ಅದಕ್ಕೆ ತಯಾರಿರುತ್ತಾರೆ.

ನಮ್ಮ ಭಾವನಿಗೆ ಈ ಟೆಸ್ಟ್ ತುಮಕೂರಿನ ಮನೆಯಲ್ಲೇ ಮಾಡಿದರು. ಮೂಗಿಗೆ ಸಣ್ಣ ಪೈಪು, ಎದೆಗೆ ಬೆಲ್ಟು, ಬೆರಳಿಗೆ ಕ್ಲಿಪ್ಪು, ಅಷ್ಟೇ. ಗಂಟೆಗೆ ಎಷ್ಟು ಸಲ ಉಸಿರು ನಿಲ್ಲುತ್ತದೆ ಅಥವಾ ಕಮ್ಮಿಯಾಗುತ್ತದೆ ಅಂತ ಲೆಕ್ಕ ಬರುತ್ತದೆ. 5ರ ಒಳಗಿದ್ದರೆ ಚಿಂತೆಯಿಲ್ಲ, 30 ಮುಟ್ಟಿದರೆ ತೀವ್ರ ಅಂತ ಅರ್ಥ. ಭಾವನಿಗೆ ಸಿಪ್ಯಾಪ್ ಮಷಿನ್ ಕೊಟ್ಟರು, ಮಲಗಿದಾಗ ಮಾಸ್ಕ್ ಮೂಲಕ ಗಾಳಿ ಒತ್ತಿ ಗಂಟಲು ಮುಚ್ಚದ ಹಾಗೆ ನೋಡಿಕೊಳ್ಳುವ ಮಷಿನ್ ಅದು. ಮೊದಮೊದಲು ನಿದ್ದೆಗಣ್ಣಲ್ಲೇ ಮಾಸ್ಕ್ ಕಿತ್ತೆಸೆಯುತ್ತಿದ್ದರು, ಅಕ್ಕನಿಗೆ ಅದನ್ನು ಹುಡುಕುವುದೇ ಕೆಲಸ! ಆಮೇಲೆ ಹೊಂದಿಕೊಂಡರು. ಆಪರೇಷನ್‌ಗೆ ಹೋಗುವಾಗ ಆ ಮಷಿನ್ ಜೊತೆಗೇ ಇರಬೇಕು.

ಡಾಕ್ಟರ್ ಹತ್ತಿರ ಅತ್ತಿಗೆಯನ್ನೂ ಕರೆದುಕೊಂಡು ಹೋಗಿ. ಗೊರಕೆ ನಡುವೆ ಉಸಿರು ಕಟ್ಟುವುದು ಮಲಗಿದವರಿಗೆ ಎಲ್ಲಿ ಗೊತ್ತಾಗುತ್ತದೆ, ಅಲ್ವಾ? ಬಿಪಿ ಇದ್ದರೆ ಅದನ್ನೂ ಹೇಳಿ. ಮುಂದೆ ತೂಕ ಇಳಿದರೂ ಮಷಿನ್ ತಾವಾಗೇ ಬಿಡೋದು ಬೇಡ, ಮತ್ತೆ ಟೆಸ್ಟ್ ಮಾಡಿಸಿ ಡಾಕ್ಟರ್ ಹೇಳಿದ ಮೇಲೆ ಬಿಡಲಿ.