ಯೋನಾಸ್ ಹೀಗಾಗಿದ್ದು ಮೋಸವಾ?

ಪ್ರಶ್ನೆ: ಕಾಲದಲ್ಲಿ ಹಿಂದೆ ಮುಂದೆ ಓಡಾಡುವ ಕತೆಯ ಜರ್ಮನ್ ಸರಣಿ ‘ಡಾರ್ಕ್’ನ ಎರಡನೇ ಸೀಸನ್ ಮುಗಿಸಿದೆ. ಹಳದಿ ರೇನ್‌ಕೋಟಿನ ಆ ಪಾಪದ ಹುಡುಗ ಯೋನಾಸ್ ಮುಂದೆ ಆಡಮ್ ಎಂಬ ಮುದುಕನಾಗಿ, ತಾನು ಪ್ರೀತಿಸಿದ ಮಾರ್ಥಾಳನ್ನೇ ಗುಂಡಿಟ್ಟು ಕೊಲ್ಲುತ್ತಾನೆ. ಸುಮ್ನೆ ಶಾಕ್ ಕೊಡೋಕೆ ಪಾತ್ರ ಕೆಡಿಸಿದರಾ?

ಉತ್ತರ: ಸಿಟ್ಟು ನನಗೂ ಬಂದಿತ್ತು, ಆ ರಾತ್ರಿ ನಿದ್ದೆ ಹತ್ತಲಿಲ್ಲ. ಆದರೆ ಮೋಸ ಅನ್ನಲಾರೆ. ಯೋನಾಸ್‌ನ ಕುತ್ತಿಗೆ ನೋಡಿ. ಮುಂದಿನ ಕಾಲಕ್ಕೆ ಹೋದಾಗ ನೇಣಿನ ಹಗ್ಗ ಬಿಗಿದು ಉಳಿದ ಗುರುತು ಅದು. ಆಡಮ್‌ನ ಮುಖ ಗುರುತೇ ಸಿಗದಷ್ಟು ವಿಕಾರವಾಗಿದೆ, ಆದರೂ ಅವನು ತನ್ನ ಕುತ್ತಿಗೆಯ ಮೇಲಿನ ಅದೇ ಕಲೆ ತೋರಿಸಿದಾಗ ನನಗೆ ಮೈ ಜುಮ್ಮೆಂದಿತು. ಬೀಜ ಮೊದಲೇ ಬಿತ್ತಿದ್ದರು, ಅಲ್ವಾ? ಇನ್ನೊಂದು. 2019ರಲ್ಲಿ ಕಾಣೆಯಾದ ಪುಟ್ಟ ಮಿಕ್ಕೆಲ್ 1986ಕ್ಕೆ ಹೋಗಿ, ಅಲ್ಲೇ ಬೆಳೆದು ಯೋನಾಸ್‌ನ ಅಪ್ಪನಾಗುತ್ತಾನೆ, ಅಂದರೆ ಮಿಕ್ಕೆಲ್‌ನ ಅಕ್ಕ ಮಾರ್ಥಾ ಇವನಿಗೆ ಸೋದರತ್ತೆ! ಅದು ಗೊತ್ತಾದ ದಿನವೇ ಆ ಹುಡುಗ ಅರ್ಧ ಸತ್ತಿದ್ದ.

2020ರಲ್ಲಿ ಬಂದ ಮೂರನೇ ಸೀಸನ್‌ಗೆ ಕತೆ ಮುಗಿಯುತ್ತದೆ. ನೋಡಿ, ಆಮೇಲೆ ಮತ್ತೆ ಬರೆಯಿರಿ.