ಸವಾರನಿಗೆ ಶಿಕ್ಷೆ ಸರಿ, ತಂಡಕ್ಕೆ?

ಪ್ರಶ್ನೆ: ಸೈಕಲ್ ರೇಸಿನಲ್ಲಿ ಡೋಪಿಂಗ್ (ನಿಷೇಧಿತ ಉದ್ದೀಪನ ಮದ್ದಿನ ಬಳಕೆ) ಮಾಡಿ ಸಿಕ್ಕಿಬಿದ್ದ ಸವಾರನೊಬ್ಬನನ್ನೇ ಹೊರಗೆ ಹಾಕಿದರೆ ಸಾಕಾ?

ಉತ್ತರ: ಖಂಡಿತ ಸಾಲದು. 1998ರ ಟೂರ್ ಡಿ ಫ್ರಾನ್ಸ್ ಶುರುವಾಗುವ ಮುಂಚೆ ಫೆಸ್ಟಿನಾ ತಂಡದ ಮಸಾಜ್ ಮಾಡುವವನ ಕಾರನ್ನು ಫ್ರಾನ್ಸ್-ಬೆಲ್ಜಿಯಂ ಗಡಿಯಲ್ಲಿ ತಡೆದು ಒಳಗೆ ನೋಡಿದರೆ ರಾಶಿ ರಾಶಿ ಇಪಿಒ (ರಕ್ತದಲ್ಲಿ ಕೆಂಪುಕಣ ಹೆಚ್ಚಿಸುವ ಮದ್ದು), ಗ್ರೋತ್ ಹಾರ್ಮೋನ್! ಅಷ್ಟನ್ನೂ ಒಬ್ಬ ಸವಾರ ಸುಮ್ನೆ ತರಿಸಿಕೊಳ್ಳುತ್ತಾನಾ? ಇಡೀ ತಂಡವನ್ನೇ ಮನೆಗೆ ಕಳಿಸಿದರು. ಒಳ್ಳೇದೇ ಆಯಿತು. ಅಮೆರಿಕದ ಸವಾರ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್‌ನ 7 ಟೂರ್ ಪಟ್ಟಗಳು ಡೋಪಿಂಗ್‌ನಿಂದಾಗಿ 2012ರಲ್ಲೇ ಹೋದವು, ಆದರೆ ಅವನ ತಂಡ ನಡೆಸುತ್ತಿದ್ದ ಬ್ರುಯ್ನೀಲ್‌ಗೆ ಆಜೀವ ನಿಷೇಧ ಬಿದ್ದದ್ದು 2018ರಲ್ಲಿ. ಸೈಕ್ಲಿಂಗ್‌ನ ವಿಶ್ವ ಸಂಸ್ಥೆ ಯುಸಿಐನ ನಿಯಮದಲ್ಲಿ 12 ತಿಂಗಳೊಳಗೆ ಒಂದೇ ತಂಡದ ಇಬ್ಬರು ಸಿಕ್ಕಿಬಿದ್ದರೆ ತಂಡಕ್ಕೆ 15ರಿಂದ 45 ದಿನ ಅಮಾನತು. ಇದು ಶಿಕ್ಷೆನಾ, ದಸರಾ ರಜೆನಾ? ನನ್ನ ಕೇಳಿದರೆ ಇಡೀ ಸೀಸನ್ ಕೂರಿಸಬೇಕು, ಮ್ಯಾನೇಜರ್ ಮತ್ತು ಡಾಕ್ಟರನ್ನೂ ಸೇರಿಸಿ. ಏನೂ ಅರಿಯದ ಮೆಕ್ಯಾನಿಕ್‌ಗಳ ಸಂಬಳ ಮಾತ್ರ ನಿಲ್ಲಿಸಬಾರದು.