ಬುದ್ಧಿಗೆ ಗೊತ್ತು, ಕೈ ಕೇಳುವುದಿಲ್ಲ

‘ಸರಿಯಾಗಿ ವಿಚಾರ ಮಾಡಿದರೆ ಮನುಷ್ಯ ತಪ್ಪು ಮಾಡುವುದೇ ಇಲ್ಲ ಎಂದು ಪ್ರಾಚೀನ ಗ್ರೀಕರು ನಂಬಿದ್ದರೇ?’ ಎಂದು ಕೇಳಿದ್ದೀರಿ. ತತ್ವಜ್ಞಾನಿ ಸಾಕ್ರಟೀಸನ ಮಟ್ಟಿಗೆ ಹೌದು ಎನ್ನಬೇಕು. ಒಳ್ಳೆಯದು ಯಾವುದೆಂದು ನಿಜವಾಗಿ ತಿಳಿದವನು ಬೇಕೆಂದೇ ಕೆಟ್ಟದ್ದನ್ನು ಮಾಡಲಾರ, ತಪ್ಪಿನ ಬೇರು ಅಜ್ಞಾನ ಎಂಬುದು ಅವನ ವಾದ.

ನನಗೆ ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ. ಯುಗಾದಿಯ ದಿನ ಎಲೆಯ ಮುಂದೆ ಕುಳಿತು ಎರಡನೆಯ ಹೋಳಿಗೆಗೆ ಕೈ ಚಾಚುವಾಗ, ಅದರಿಂದ ಏನಾಗುತ್ತದೆ ಎಂಬುದು ನನಗೆ ಚೆನ್ನಾಗಿಯೇ ಗೊತ್ತಿರುತ್ತದೆ. ಆದರೂ ಕೈ ಹಿಂದಕ್ಕೆ ಬರುವುದಿಲ್ಲ. ಸಾಕ್ರಟೀಸನ ಮಾತು ನನಗೆ ಒಪ್ಪಿಗೆಯಾಗದಿರುವುದು ಅಲ್ಲಿಯೇ.

ಅವನ ಶಿಷ್ಯ ಪ್ಲೇಟೋ ‘ರಿಪಬ್ಲಿಕ್’ ಎಂಬ ತನ್ನ ಗ್ರಂಥದಲ್ಲಿ ಲಿಯೋಂಟಿಯಸ್ ಎಂಬವನ ಕಥೆ ಹೇಳಿಸುತ್ತಾನೆ. ಪಿರೇಯಸ್ ಬಂದರಿನಿಂದ ಅಥೆನ್ಸಿಗೆ ನಡೆದು ಬರುತ್ತಿದ್ದಾಗ ಕೋಟೆಗೋಡೆಯ ಹೊರಗೆ, ಮರಣದಂಡನೆಗೆ ಗುರಿಯಾದವರ ಹೆಣಗಳು ಬಿದ್ದಿರುವುದು ಅವನ ಕಣ್ಣಿಗೆ ಬೀಳುತ್ತದೆ. ನೋಡಬೇಕೆಂಬ ಆಸೆ, ಜೊತೆಗೇ ಹೇಸಿಗೆ. ಮುಖ ಮುಚ್ಚಿಕೊಂಡು ತುಸು ಹೊತ್ತು ಹೆಣಗಾಡುತ್ತಾನೆ. ಕೊನೆಗೆ ಸೋತು, ಕಣ್ಣರಳಿಸಿ ಹೆಣಗಳತ್ತ ಓಡುತ್ತಾ ‘ಹಾಳು ಕಣ್ಣುಗಳೇ, ತಗೊಳ್ಳಿ, ಹೊಟ್ಟೆ ತುಂಬ ನೋಡಿ!’ ಎಂದು ತನ್ನ ಕಣ್ಣುಗಳನ್ನೇ ಬೈಯುತ್ತಾನೆ. ಆ ಬೈಗುಳವನ್ನು ಓದಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಬೈಯುತ್ತಿರುವವರು ಯಾರು, ಬೈಸಿಕೊಳ್ಳುತ್ತಿರುವವರು ಯಾರು? ಮನುಷ್ಯನೊಳಗೆ ಬುದ್ಧಿ, ಕೆಚ್ಚು, ಆಸೆ ಎಂಬ ಮೂರು ಪಾಲುಗಳಿವೆ ಎಂದು ಪ್ಲೇಟೋ ತೋರಿಸುವಾಗ ಈ ಕಥೆಯನ್ನು ಸಾಕ್ಷಿಗೆ ಕರೆಯುತ್ತಾನೆ. ಬುದ್ಧಿ ಆಳಬೇಕು, ಸರಿ. ಆದರೆ ಕೆಚ್ಚು ಅದರ ಪಕ್ಷಕ್ಕೆ ನಿಂತರೂ ಆಸೆಯೇ ಗೆಲ್ಲುವ ದಿನಗಳಿವೆ.

ಈ ಸೋಲನ್ನು ಗ್ರೀಕರು ‘ಅಕ್ರಾಸಿಯಾ’ ಎಂದು ಕರೆಯುತ್ತಿದ್ದರು. ಪ್ಲೇಟೋನ ಶಿಷ್ಯ ಅರಿಸ್ಟಾಟಲ್ ಅದನ್ನು ವಿವರಿಸುವಾಗ ಕೊಡುವ ಉದಾಹರಣೆಯೂ ಸಿಹಿಯದೇ. ಆ ಗಳಿಗೆಯಲ್ಲಿ ತಿಳಿವಳಿಕೆ ಇರುತ್ತದೆ, ಆದರೆ ನಿದ್ದೆಯಲ್ಲಿರುವವನಲ್ಲಿ ಇದ್ದ ಹಾಗೆ ಎನ್ನುತ್ತಾನೆ. ಕುಡಿದವನೂ ತತ್ವಜ್ಞಾನಿ ಕವಿ ಎಂಪಿಡೋಕ್ಲಿಸನ ಪದ್ಯಗಳನ್ನು ಅರ್ಥ ಮನಸ್ಸಿಗಿಳಿಯದೆಯೇ ಒಪ್ಪಿಸಬಲ್ಲ. ಈಗಷ್ಟೇ ಕಲಿಯಲು ತೊಡಗಿದವನೂ ಮಾತುಗಳನ್ನು ಪೋಣಿಸಬಲ್ಲ. ಕಲಿತದ್ದು ಮೈಗೂಡಬೇಕು, ಅದಕ್ಕೆ ಕಾಲ ಬೇಕು. ‘ಸಕ್ಕರೆ ವಿಷ’ ಎಂದು ಹೋಳಿಗೆ ಮೆಲ್ಲುತ್ತಲೇ ನಾನು ಹೇಳುವ ಮಾತೂ ಆ ಜಾತಿಯದೇ. ಹಾಗಾಗಿ ಅರಿಸ್ಟಾಟಲ್ ಅಭ್ಯಾಸಕ್ಕೆ, ಚಿಕ್ಕಂದಿನಿಂದ ಬಂದ ರೂಢಿಗೆ ಅಷ್ಟೊಂದು ಬೆಲೆ ಕೊಡುತ್ತಾನೆ.

ಹಾಗಾದರೆ ವಿಚಾರವನ್ನು ಕೈಬಿಡಬೇಕೇ? ಕ್ರಿಸ್ತಪೂರ್ವ 399ರಲ್ಲಿ, ಸಾಕ್ರಟೀಸ್ ಸೆರೆಮನೆಯಲ್ಲಿ ವಿಷ ಕುಡಿಯಬೇಕಾಗಿದ್ದ ದಿನ ನಡೆಯಿತೆಂದು ಪ್ಲೇಟೋ ಬರೆದ ಸಂಭಾಷಣೆಯನ್ನು ನೋಡಿ. ಗೆಳೆಯರ ಆಕ್ಷೇಪಗಳಿಂದ, ಆತ್ಮಕ್ಕೆ ಸಾವಿಲ್ಲ ಎಂಬ ಸಾಕ್ರಟೀಸನ ವಾದ ಕುಸಿಯುವಂತೆ ಕಾಣುತ್ತದೆ, ಎಲ್ಲರೂ ಕಂಗೆಡುತ್ತಾರೆ. ಸಾಕ್ರಟೀಸ್ ಪಕ್ಕದಲ್ಲಿ ಕುಳಿತ ಶಿಷ್ಯ ಫೀಡೋನ ತಲೆ ನೇವರಿಸುತ್ತಾನೆ. ಸತ್ತವರಿಗಾಗಿ ಕೂದಲು ಕತ್ತರಿಸಿಕೊಳ್ಳುವುದು ಅಲ್ಲಿಯೂ ಪದ್ಧತಿ. ‘ನಾಳೆ ಈ ಚೆಲುವಾದ ಕೂದಲನ್ನು ಕತ್ತರಿಸಿಕೊಳ್ಳುತ್ತೀಯೇನೋ’ ಎನ್ನುತ್ತಾನೆ. ಆಮೇಲೆ, ನಮ್ಮ ವಾದ ಸತ್ತುಹೋಗಿ ಅದನ್ನು ಬದುಕಿಸಿಕೊಳ್ಳಲು ನಮ್ಮಿಂದ ಆಗದಿದ್ದರೆ ನಾಳೆಯವರೆಗೆ ಕಾಯುವುದು ಬೇಡ, ಇಬ್ಬರೂ ಇವತ್ತೇ ಕತ್ತರಿಸಿಕೊಳ್ಳೋಣ ಎಂದು ಹೇಳಿ, ಮತ್ತೆ ಮೊದಲಿನಿಂದ ವಾದಕ್ಕೆ ಕೂರುತ್ತಾನೆ.